ದಬ್ಬಣದಷ್ಟು ತೂತು: ಮಾತ್ರೆಗೆ ಬಗ್ಗದ ಫಿಟ್ಸ್‌ಗೆ ಲೇಸರ್

ನವೆಂಬರ್ 17 ರಾಷ್ಟ್ರೀಯ ಅಪಸ್ಮಾರ ದಿನ. ಆ ವಾರದ ಭಾನುವಾರ ನಮ್ಮೂರ ಸೊಸೈಟಿ ಹಾಲ್‌ನಲ್ಲಿ ನಾನು ಫಿಟ್ಸ್ ಬಗ್ಗೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು, ಹೊಸನಗರ ಕಡೆಯಿಂದ ಬರಬೇಕು ಅಂದ್ಕೊಂಡು ಬಸ್ ಸಿಗದೇ ಉಳಿದವರೂ ಫೋನ್ ಮಾಡಿದ್ರು. ಅದಕ್ಕೇ ಮಾತಾಡಿದ ಹಂಗೇ ಬರೀತಿದೀನಿ, ಅಲ್ಲಲ್ಲಿ ಸ್ವಲ್ಪ ಸೇರಿಸಿದೀನಿ ಅಷ್ಟೆ.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬೆಂಗಳೂರಲ್ಲಿ 17 ವರ್ಷ ಇಇಜಿ ಟೆಕ್ನಿಷಿಯನ್ ಆಗಿದ್ದೆ, ಅಂದ್ರೆ ತಲೆಗೆ ಪೇಸ್ಟ್ ಹಚ್ಚಿ 20ಕ್ಕೂ ಹೆಚ್ಚು ವೈರ್ ಅಂಟಿಸಿ, ಮಿದುಳಿನ ಕರೆಂಟನ್ನ ಗೆರೆ ಗೆರೆಯಾಗಿ ಬರೆಸೋ ಕೆಲಸ. "ತಲೆಗೆ ಎಣ್ಣೆ ಹಾಕ್ಬೇಡಿ, ಶಾಂಪೂ ಹಾಕಿ ಸ್ನಾನ ಮಾಡ್ಕೊಂಡು ಬನ್ನಿ, ರಾತ್ರಿ ಕಮ್ಮಿ ನಿದ್ದೆ ಮಾಡಿ" ಅಂತ ದಿನಾ ಹತ್ತಾರು ಜನಕ್ಕೆ ಹೇಳಿದೀನಿ. ಆ ರೂಮಲ್ಲಿ ಕೂತು ನೋಡಿದ್ದು ಒಂದು ಕಡೆ, ನಮ್ಮನೇಲೇ ಚಿಕ್ಕಪ್ಪಂಗೆ 30 ವರ್ಷಕ್ಕೂ ಮೇಲಿಂದ ಫಿಟ್ಸ್ ಇರೋದು ಇನ್ನೊಂದು ಕಡೆ. ಈ ಎರಡರ ಮೇಲೆ ನಿಂತು ಮಾತಾಡ್ತಿದೀನಿ. ಚಿಕ್ಕಪ್ಪ ಇಲ್ಲೇ ಮುಂದೆ ಕೂತಿದಾರೆ, ಅವರ ವಿಷಯ ಹೇಳೋಕೆ ಅವರನ್ನ ಕೇಳೇ ಹೇಳ್ತಿರೋದು.

ಫಿಟ್ಸ್ ಅಂದ ಕೂಡ್ಲೆ ನಮ್ಮ ಕಣ್ಣಿಗೆ ಬರೋದು ನೆಲಕ್ಕೆ ಬಿದ್ದು ಕೈಕಾಲು ಹೊಡ್ಕೊಳ್ಳೋದು, ಬಾಯಲ್ಲಿ ನೊರೆ. ಚಿಕ್ಕಪ್ಪಂಗೆ ಅದು ವರ್ಷಕ್ಕೆ ಒಂದೋ ಎರಡೋ ಸಲ ಮಾತ್ರ. ಉಳಿದಿದ್ದೆಲ್ಲ ಬೇರೆ ಥರ. ಹೊಟ್ಟೆಯಿಂದ ಎಂತದೋ ಮೇಲಕ್ಕೆ ಎದ್ದು ಬಂದ ಹಾಗೆ ಆಗ್ತದೆ ಅಂತಿದ್ರು, ಆಮೇಲೆ ದೃಷ್ಟಿ ನೆಟ್ಟು ನಿಂತುಬಿಡೋರು, ಬಾಯಿ ಚಪ್ಪರಿಸೋರು, ಬಲಗೈ ಅಂಗಿ ಗುಂಡಿ ಹುಡುಕ್ತಾ ಇರೋದು, ಎಡಗೈ ಮರಗಟ್ಟಿದ ಹಾಗೆ ತಿರುಚಿ ನಿಲ್ಲೋದು, ಒಂದೂವರೆ ನಿಮಿಷಕ್ಕೆ ಮುಗೀತು, ಕೇಳಿದ್ರೆ ಏನೂ ನೆನಪಿಲ್ಲ. ಅಪಸ್ಮಾರ ಅನ್ನೋ ಹಳೇ ಪದ ಇದೆಯಲ್ಲ, ಸ್ಮರಣೆ ತಪ್ಪೋದು ಅಂತ ಅರ್ಥ, ಆ ಪದ ಕೊಟ್ಟವರು ಇಂಥದ್ದನ್ನ ಕಣ್ಣಾರೆ ನೋಡಿರ್ಬೇಕು ಅಂತ ನಂಗೆ ಯಾವಾಗ್ಲೂ ಅನ್ನಿಸ್ತದೆ. ನಮ್ಮೂರಲ್ಲಿ ಮಾತ್ರ ಗಾಳಿ ಸೋಕಿದೆ ಅಂದ್ರು, ಚೌಡಿಗೆ ಹರಕೆ ಹೊತ್ರು, ಯಂತ್ರ ಕಟ್ಟಿಸಿದ್ರು. ನಾಲ್ಕು ವರ್ಷ ಹಂಗೇ ಹೋಯ್ತು. ಅಜ್ಜಿಗೆ ಬೇರೆ ಏನೂ ಗೊತ್ತಿರ್ಲಿಲ್ಲ, ಮಗ ಹುಷಾರಾಗ್ಲಿ ಅಂತ ಗೊತ್ತಿದ್ದ ಬಾಗಿಲನ್ನೆಲ್ಲ ತಟ್ಟಿದ್ರು, ಅವರ ಮೇಲೆ ನಂಗೆ ಸಿಟ್ಟಿಲ್ಲ.

ಸಿಟ್ಟಿರೋದು ಆಮೇಲಿನ 20 ವರ್ಷದ ಮೇಲೆ. ಒಬ್ಬ ಡಾಕ್ಟರ್ ಹತ್ರ ಹೋದ್ರು, ಗಾರ್ಡಿನಲ್ ಅನ್ನೋ ಮಾತ್ರೆ ಬರೆದ್ರು. ಆಮೇಲೆ ಎಪ್ಟಾಯಿನ್, ಅದರ ಜೊತೆ ಟೆಗ್ರಿಟಾಲ್, ಆಮೇಲೆ ವಾಲ್ಪರಿನ್. ಪ್ರತಿ ಸಲ ಹೋದಾಗ್ಲೂ ಅದೇ ಪ್ರಶ್ನೆ, "ಬಂತಾ? ಎಷ್ಟು ಸಲ ಬಂತು?" "ನಾಲ್ಕು ಸಲ." "ಸರಿ, ಅರ್ಧ ಮಾತ್ರೆ ಜಾಸ್ತಿ ಮಾಡಿ." ವಸಡು ಊದಿತು, ನಡೆದ್ರೆ ತೂರಾಡೋರು, ಕುಡ್ದಿದಾರೆ ಅಂತ ಜನ ಅಂದ್ಕೊಳ್ಳೋರು. ಇಷ್ಟು ವರ್ಷದಲ್ಲಿ ಈ ಫಿಟ್ಸ್ ಮಿದುಳಿನ ಯಾವ ಜಾಗದಿಂದ ಹುಟ್ತಿದೆ ಅಂತ ಯಾರೂ ಹುಡುಕ್ಲಿಲ್ಲ.

ನೀವು ಇಲ್ಲಿಂದ ಒಂದೇ ವಿಷಯ ತಗೊಂಡು ಹೋಗೋದಾದ್ರೆ ಇದನ್ನ ತಗೊಂಡು ಹೋಗಿ. ಸರಿಯಾಗಿ ಆರಿಸಿದ ಎರಡು ಔಷಧಿನ, ಸರಿಯಾದ ಪ್ರಮಾಣದಲ್ಲಿ, ತಪ್ಪಿಸದೆ ತಗೊಂಡ ಮೇಲೂ ಫಿಟ್ಸ್ ನಿಲ್ಲಲಿಲ್ಲ ಅಂದ್ರೆ ಅದಕ್ಕೆ ಔಷಧಿಗೆ ಬಗ್ಗದ ಅಪಸ್ಮಾರ ಅಂತ ಹೆಸರು. ಜಗತ್ತಿನ ಫಿಟ್ಸ್ ಡಾಕ್ಟರ್‌ಗಳ ಒಕ್ಕೂಟ 2010ರಲ್ಲಿ ಮಾಡಿದ ವ್ಯಾಖ್ಯೆ ಇದು. ಎರಡು ಅಂದ್ರೆ ಎರಡೇ, ಏಳೂ ಅಲ್ಲ ಹತ್ತೂ ಅಲ್ಲ. ಯಾಕೆ ಎರಡು? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕ್ವಾನ್ ಮತ್ತೆ ಬ್ರೋಡಿ ಅನ್ನೋ ಇಬ್ಬರು ಡಾಕ್ಟರ್‌ಗಳು ಅಲ್ಲಿವರೆಗೆ ಮಾತ್ರೆನೇ ಮುಟ್ಟದ 470 ಜನರ ಲೆಕ್ಕ ಇಟ್ಟು 2000ದಲ್ಲಿ ಪ್ರಕಟಿಸಿದ್ರು. ಮೊದಲನೇ ಮಾತ್ರೆಗೆ ನೂರಕ್ಕೆ 47 ಜನಕ್ಕೆ ಫಿಟ್ಸ್ ನಿಂತಿತ್ತು, ಎರಡನೇದಕ್ಕೆ ಇನ್ನೊಂದು 13, ಮೂರನೇ ಮಾತ್ರೆಗೆ ಬರೀ 1. ಮೂರನೇ ಮಾತ್ರೆ ಬರೋ ಹೊತ್ತಿಗೆ ಆಸೆ ಅಷ್ಟು ಕರಗಿಹೋಗಿರ್ತದೆ. ಆಮೇಲೆ ಎಷ್ಟೋ ಹೊಸ ಮಾತ್ರೆ ಬಂದ್ವು, ಅಲ್ಲೇ 1795 ಜನರನ್ನ ಇಟ್ಕೊಂಡು 2018ರಲ್ಲಿ ಮತ್ತೆ ಲೆಕ್ಕ ಹಾಕಿದ್ರು, ಆಗ್ಲೂ ಮೂರರಲ್ಲಿ ಒಬ್ಬರಿಗೆ ಹೆಚ್ಚುಕಮ್ಮಿ ಫಿಟ್ಸ್ ನಿಂತಿರ್ಲೇ ಇಲ್ಲ.

ಹಂಗಂತ ಎಲ್ಲರೂ ಹೆದರಬೇಕಾಗಿಲ್ಲ, ಮೂರರಲ್ಲಿ ಇಬ್ಬರಿಗೆ ಮಾತ್ರೆಲೇ ನಿಲ್ತದೆ. ನಮ್ಮ ಕಡೆ ಹಂಡೆ ನೀರನ್ನ ಕುದಿಯೋ ಹಂಗೆ ಕಾಯಿಸಿ ತಂಬಿಗೆಲಿ ತಲೆ ಮೇಲೆ ಹುಯ್ಕೊಳ್ತಾರಲ್ಲ, ಅದರಿಂದಲೇ ಬರೋ ಒಂದು ಥರ ಫಿಟ್ಸ್ ಇದೆ, ಬಿಸಿನೀರಿನ ಅಪಸ್ಮಾರ ಅಂತ, ನಮ್ಮ ಕರ್ನಾಟಕದಲ್ಲೇ ಅದು ಜಾಸ್ತಿ, ನಿಮ್ಹಾನ್ಸ್‌ನವರು ಅದನ್ನ ಬಹಳ ವರ್ಷ ಅಭ್ಯಾಸ ಮಾಡಿದಾರೆ. ಅಂಥವರಲ್ಲಿ ಎಷ್ಟೋ ಜನಕ್ಕೆ ಉಗುರುಬೆಚ್ಚಗಿನ ನೀರು ಹಾಕ್ಕೊಂಡ್ರೇ ಕಮ್ಮಿಯಾಗ್ತದೆ, ಕೆಲವರಿಗೆ ಸ್ನಾನಕ್ಕೆ ಮುಂಚೆ ಒಂದು ಮಾತ್ರೆ ಬೇಕಾಗ್ತದೆ. ಅವರಿಗೆ ಆಪರೇಷನ್ ಮಾತು ಬೇಡ. ಮಳೆಗಾಲದಲ್ಲಿ ಬಚ್ಚಲೊಲೆ ಬಿಸಿನೀರು ಎಷ್ಟು ಹಿತ ಅಂತ ನಂಗೂ ಗೊತ್ತು, ಆದ್ರೆ ಹಂಗೆ ಬರೋರು ಇದ್ರೆ ತಣ್ಣೀರು ಬೆರೆಸ್ಕೊಳ್ಳಿ.

ಈಗ ಜಾಗ ಹುಡುಕೋ ವಿಷಯ. ಇದು ನನ್ನ ಕೆಲಸದ ಜಾಗ, ಸ್ವಲ್ಪ ಉದ್ದ ಮಾತಾಡ್ತೀನಿ. ಮಾಮೂಲಿ ಇಇಜಿ ಅರ್ಧ ಗಂಟೆದು, ಆ ಅರ್ಧ ಗಂಟೇಲಿ ಫಿಟ್ಸ್ ಬರ್ಬೇಕಲ್ಲ? ಬರಲ್ಲ. "ಇಇಜಿ ನಾರ್ಮಲ್ ಇದೆ" ಅಂತ ಚೀಟಿ ಹಿಡ್ಕೊಂಡು ಮನೆಗೆ ಹೋದವರನ್ನ ಎಷ್ಟು ಜನರನ್ನ ನೋಡಿದೀನಿ. ಅದಕ್ಕೇ ವಿಡಿಯೋ ಇಇಜಿ ಅಂತ ಮಾಡ್ತಾರೆ. ಆಸ್ಪತ್ರೇಲಿ ಮೂರು ನಾಲ್ಕು ದಿನ, ಕೆಲವು ಸಲ ಇನ್ನೂ ಜಾಸ್ತಿ, ತಲೇಲಿ ವೈರ್ ಇಟ್ಕೊಂಡೇ ಇರ್ಬೇಕು, ಎದುರಿಗೆ ಕ್ಯಾಮರಾ, ಡಾಕ್ಟರ್ ಕಣ್ಣೆದುರೇ ಮಾತ್ರೆ ಕಮ್ಮಿ ಮಾಡ್ತಾ ಬರ್ತಾರೆ, ಫಿಟ್ಸ್ ಬರ್ಲಿ ಅಂತಲೇ ಕಾಯೋದು. ಮನೇಲಿ ಇದನ್ನ ಯಾರೂ ಮಾಡಕ್ಕೆ ಹೋಗ್ಬೇಡಿ, ಪ್ರಾಣಕ್ಕೆ ಅಪಾಯ. ಬಂದಾಗ ಗೆರೆ ಒಂದು ಕಡೆ, ವಿಡಿಯೋ ಒಂದು ಕಡೆ ಇಟ್ಟು ಸೆಕೆಂಡ್ ಸೆಕೆಂಡ್ ನೋಡ್ತಾರೆ. ಚಿಕ್ಕಪ್ಪನ ಎಡಗೈ ತಿರುಚಿ ನಿಲ್ತದೆ ಅಂದೆನಲ್ಲ, ಅಂಥ ಕೈ ಇದ್ರೆ ಕಾಯಿಲೆ ಅದರ ಎದುರು ಭಾಗದ ಮಿದುಳಲ್ಲಿ, ಅಂದ್ರೆ ಬಲಗಡೆ ಇರೋ ಸಾಧ್ಯತೆ ಜಾಸ್ತಿ. ಅದಕ್ಕೇ ಮನೆಯವರು ಫೋನಲ್ಲಿ ಒಂದು ವಿಡಿಯೋ ಮಾಡಿ ಇಟ್ಕೊಂಡಿದ್ರೆ ಅದು ಚಿನ್ನ. ಮುಖ ಮಾತ್ರ ಅಲ್ಲ, ಎರಡೂ ಕೈ ಕಾಣ್ಬೇಕು. ತುಂಬ ಜನ ಗಾಬರೀಲಿ ಬರೀ ಮುಖ ತೆಗೀತಾರೆ.

ಇದರ ಜೊತೆ 3 ಟೆಸ್ಲಾ, ಅಂದ್ರೆ ಜಾಸ್ತಿ ಶಕ್ತಿಯ ಆಯಸ್ಕಾಂತ ಇರೋ ಎಂಆರ್‌ಐ, ಅದೂ ಫಿಟ್ಸ್‌ಗೆ ಅಂತಲೇ ತೆಳು ತೆಳು ಸ್ಲೈಸ್ ತೆಗೆಯೋ ಥರದ್ದು, ನೆನಪು-ಮಾತಿನ ಪರೀಕ್ಷೆ, ಬೇಕಾದ್ರೆ ಪೆಟ್ ಸ್ಕ್ಯಾನ್. ದೊಡ್ಡವರಲ್ಲಿ ಮಾತ್ರೆಗೆ ಬಗ್ಗದ ಫಿಟ್ಸ್‌ನಲ್ಲಿ ತುಂಬ ಸಲ ಸಿಕ್ಕಿಬೀಳೋದು ಹಿಪೊಕ್ಯಾಂಪಸ್ ಅನ್ನೋ ಭಾಗ. ಕಿವಿ ನೇರಕ್ಕೆ ಒಳಗೆ, ಟೆಂಪೊರಲ್ ಲೋಬ್ ಅನ್ನೋ ಮಿದುಳಿನ ಪಕ್ಕದ ಭಾಗದ ಒಳಮೈಲಿ, ಗೋಡಂಬಿ ಥರ ಬಾಗಿಕೊಂಡು ಇರ್ತದೆ, ನೆನಪಿಗೆ ಬೇಕಾದ ಜಾಗ. ಚಿಕ್ಕಂದಿನಲ್ಲಿ ಜ್ವರದ ಜೊತೆ ತುಂಬ ಹೊತ್ತು ಫಿಟ್ಸ್ ಬಂದವರಲ್ಲಿ ಎಷ್ಟೋ ಜನಕ್ಕೆ ಆಮೇಲೆ ಇದು ಸುರುಟಿ ಗಟ್ಟಿಯಾಗಿರೋದು ಕಾಣ್ತದೆ. 2009ರಲ್ಲಿ ನಾನೇ ಹಠ ಮಾಡಿ ಚಿಕ್ಕಪ್ಪನ್ನ ಕರ್ಕೊಂಡು ಹೋದಾಗ ಸಿಕ್ಕಿದ್ದು ಅದೇ. ಬಲಗಡೆ ಹಿಪೊಕ್ಯಾಂಪಸ್ ಎಡಗಡೆಗಿಂತ ಸಣ್ಣದಾಗಿ ಬೆಳ್ಳಗೆ ಕಾಣ್ತಿತ್ತು. ಆಪರೇಷನ್ ಮಾಡಬಹುದು, ಗುಣ ಆಗೋ ಸಾಧ್ಯತೆ ಚೆನ್ನಾಗಿದೆ ಅಂದ್ರು ಡಾಕ್ಟರ್.

ಚಿಕ್ಕಪ್ಪ ಬೇಡ ಅಂದ್ರು. "ಬುರುಡೆ ತೆಗೆದು ಮಿದುಳು ಕತ್ತರಿಸಿ ಹಾಕ್ತಾರಂತೆ ಪುಟ್ಟೀ, ನಾಳೆ ನಿನ್ ಹೆಸರು ಮರ್ತೋದ್ರೆ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಮುಂದೆ ಒಂದು ಸುಗ್ಗೀಲಿ ಅಡಿಕೆ ಬೇಯಿಸೋ ಹಂಡೆ ಪಕ್ಕ ನಿಂತಾಗ ಫಿಟ್ಸ್ ಬಂತು. ಕುದಿಯೋ ಚೊಗರು, ಬಲಗೈ ಮೊಣಕೈ ತನಕ ಬೆಂದುಹೋಯ್ತು.

ತೆರೆದು ಮಾಡೋ ಆಪರೇಷನ್ ಹೊಸದಲ್ಲ, ವೆಲ್ಲೂರಲ್ಲಿ ಡಾಕ್ಟರ್ ಜೇಕಬ್ ಚಾಂಡಿ 1952ರಲ್ಲೇ ಫಿಟ್ಸ್‌ಗೆ ಮಿದುಳಿನ ಆಪರೇಷನ್ ಮಾಡಿದ್ರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಲಿ, ದಿಲ್ಲಿ ಏಮ್ಸ್‌ನಲ್ಲಿ, ನಮ್ಮ ನಿಮ್ಹಾನ್ಸ್‌ನಲ್ಲಿ ಈಗ ಇದು ನಡೀತಾನೇ ಇರೋ ಕೆಲಸ. ಫಲ ಇದೆಯಾ ಅಂದ್ರೆ ಇದೆ. ಕೆನಡಾದಲ್ಲಿ ಟೆಂಪೊರಲ್ ಲೋಬ್ ಫಿಟ್ಸ್ ಇದ್ದ 80 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಮಾತ್ರೆ ಮುಂದುವರಿಸಿದ್ರು. 2001ರಲ್ಲಿ ಫಲಿತಾಂಶ ಬಂತು, ಒಂದು ವರ್ಷಕ್ಕೆ ಎಚ್ಚರ ತಪ್ಪಿಸೋ ಫಿಟ್ಸ್ ಇಲ್ಲದೆ ಇದ್ದವರು ಆಪರೇಷನ್ ಗುಂಪಲ್ಲಿ ನೂರಕ್ಕೆ 58, ಮಾತ್ರೆ ಗುಂಪಲ್ಲಿ 8. ಮಾತ್ರೆ ಗುಂಪಲ್ಲಿ ಒಬ್ಬರು ತೀರೂ ಹೋದ್ರು. ಆಪರೇಷನ್ ಅಪಾಯ ಅಂತ ನಾವೆಲ್ಲ ಹೆದರ್ತೀವಿ, ಸುಮ್ನೆ ಕೂರೋದೂ ಅಪಾಯನೇ ಅನ್ನೋದನ್ನ ಯಾರೂ ಹೇಳಿಕೊಡಲ್ಲ. ಫಿಟ್ಸ್ ಇರೋ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೆ ಒಬ್ಬರು ಇದ್ದಕ್ಕಿದ್ದ ಹಾಗೆ ಹೋಗಿಬಿಡ್ತಾರೆ, ಫಿಟ್ಸ್ ಹತೋಟಿಗೆ ಬರದೇ ಇರೋರಲ್ಲಿ ಅದು ಇನ್ನೂ ಜಾಸ್ತಿ.

ಹಾಂ, ಲೇಸರ್. ಅದನ್ನ ಕೇಳೋಕೆ ಬಂದವರೇ ಜಾಸ್ತಿ ಇದೀರಿ.

ಲೇಸರ್ ಅಂದ್ರೆ ಹೊರಗಿಂದ ಲೈಟ್ ಬಿಟ್ಟು ಸುಡೋದು ಅಂತ ಅಂದ್ಕೋಬೇಡಿ. ಪೂರ್ತಿ ಅರಿವಳಿಕೆ ಕೊಟ್ಟು ತಲೆಯನ್ನ ಅಲುಗಾಡದ ಹಾಗೆ ಚೌಕಟ್ಟಲ್ಲಿ ಬಿಗೀತಾರೆ. ಹಿಪೊಕ್ಯಾಂಪಸ್ ಆದ್ರೆ ತಲೆ ಹಿಂಭಾಗದಿಂದ ದಾರಿ, ಯಾಕಂದ್ರೆ ಅಲ್ಲಿಂದ ಹೋದ್ರೆ ಆ ಗೋಡಂಬಿಯ ಉದ್ದಕ್ಕೂ ಒಂದೇ ಗೆರೇಲಿ ಸಾಗಬಹುದು. ದಾರಿ ಮೊದಲೇ ಕಂಪ್ಯೂಟರಲ್ಲಿ ಎಂಆರ್‌ಐ ಮೇಲೆ ಬರೆದಿಟ್ಟಿರ್ತಾರೆ, ರಕ್ತನಾಳ ತಪ್ಪಿಸಿ. ಬುರುಡೇಲಿ ಮೂರು ನಾಲ್ಕು ಮಿಲಿಮೀಟರ್ ತೂತು ಅಷ್ಟೆ. ಅದರೊಳಗೆ ಹೋಗೋ ನಳಿಕೆ ಸುಮಾರು 1.65 ಮಿಲಿಮೀಟರ್ ದಪ್ಪ. ನಾವು ಅಡಿಕೆ ಮೂಟೆ ಹೊಲಿಯೋ ದಬ್ಬಣ ಇದೆಯಲ್ಲ, ಹೆಚ್ಚುಕಮ್ಮಿ ಅಷ್ಟು. ನಳಿಕೆ ಒಳಗೆ ಗಾಜಿನ ಎಳೆ, ತುದೀಲಿ ಬೆಳಕು ಸುತ್ತಲೂ ಚೆಲ್ಲೋ ಹಾಗೆ ಮಾಡಿರ್ತಾರೆ, ಎಳೆ ಸುಟ್ಟು ಹೋಗಬಾರದು ಅಂತ ಅದರ ಸುತ್ತ ತಂಪು ಮಾಡೋ ವ್ಯವಸ್ಥೆ, ಒಂದು ಥರದ ಮೆಷಿನಲ್ಲಿ ಸಲೈನ್ ಹರೀತಿರ್ತದೆ.

ಆಮೇಲೆ ಎಂಆರ್‌ಐ ಮೆಷಿನ್ ಒಳಗೆ. ನನ್ನ ಪ್ರಕಾರ ಇಡೀ ವಿದ್ಯೆ ಇರೋದು ಇಲ್ಲೇ. ಲೇಸರ್ ಬಿಸಿ ಮಾಡೋದು ದೊಡ್ಡ ಮಾತಲ್ಲ, ಎಲ್ಲಿ ಎಷ್ಟು ಬಿಸಿ ಆಯ್ತು ಅಂತ ಕಾಣೋದು ದೊಡ್ಡ ಮಾತು. ಮಿದುಳಲ್ಲಿ ನೀರಿದೆ, ಆ ನೀರಿನ ಹೈಡ್ರೋಜನ್ ಕಣ ಎಂಆರ್‌ಐಗೆ ಕೊಡೋ ಸಿಗ್ನಲ್ಲು ಬಿಸಿ ಏರಿದ ಹಾಗೆ ಒಂಚೂರು ಒಂಚೂರು ಬದಲಾಗ್ತದೆ, ಅದನ್ನ ಅಳೆದು ಕೆಲವೇ ಸೆಕೆಂಡಿಗೊಂದು ಸಲ ಸ್ಕ್ರೀನ್ ಮೇಲೆ ಬಣ್ಣದ ನಕ್ಷೆ ಬರ್ತದೆ. ಮೊದಲು ಕಮ್ಮಿ ಪವರ್ ಬಿಟ್ಟು ತುದಿ ಸರಿಯಾದ ಜಾಗದಲ್ಲಿ ಇದೆಯಾ ನೋಡ್ತಾರೆ, ಆಮೇಲೆ ಜಾಸ್ತಿ. 60 ಡಿಗ್ರಿ ದಾಟಿದ್ರೆ ಜೀವಕೋಶ ಅಲ್ಲೇ ಬೆಂದುಹೋಗ್ತದೆ, ಮೊಟ್ಟೆ ಬೆಂದ ಹಾಗೆ, ಬೆಂದ ಮೇಲೆ ವಾಪಸ್ ಹಸಿ ಆಗಲ್ಲ. ಪಕ್ಕದಲ್ಲಿ ಮಿದುಳಿನ ಕಾಂಡ ಇದೆ, ಕಣ್ಣಿಂದ ಬರೋ ನರದ ದಾರಿ ಇದೆ, ಆ ಜಾಗಗಳಲ್ಲಿ ಇಷ್ಟೇ ಬಿಸಿ ಇರ್ಬೇಕು ಅಂತ ಮೊದಲೇ ಗಡಿ ಹಾಕಿರ್ತಾರೆ, ದಾಟಿದ್ರೆ ಲೇಸರ್ ತಾನಾಗೇ ಆಫ್. ಒಂದು ಕಡೆ ಒಂದೆರಡು ನಿಮಿಷ ಸುಟ್ಟು, ಎಳೇನ ಸ್ವಲ್ಪ ಹಿಂದಕ್ಕೆ ಜಗ್ಗಿ, ಮತ್ತೆ ಸುಡೋದು, ಹಂಗೆ ಉದ್ದಕ್ಕೂ. ಮುಗಿದ ಮೇಲೆ ನಳಿಕೆ ತೆಗೆದು ಒಂದು ಹೊಲಿಗೆ. ತುಂಬ ಜನ ಒಂದೆರಡು ದಿನಕ್ಕೆ ಮನೆಗೆ.

ಫಿಟ್ಸ್‌ಗೆ ಇದನ್ನ ಬಳಸಿದ ಮೊದಲ ವರದಿ ಅಮೆರಿಕದ ಟೆಕ್ಸಸ್‌ನಿಂದ 2012ರಲ್ಲಿ ಬಂತು, ಮಕ್ಕಳಲ್ಲಿ ಶುರು ಮಾಡಿದ್ದು. ಆಮೇಲೆ ದೊಡ್ಡವರಿಗೆ. ಹಿಪೊಕ್ಯಾಂಪಸ್ ಫಿಟ್ಸ್‌ಗೆ ಅಮೆರಿಕದ ಬೇರೆ ಬೇರೆ ಆಸ್ಪತ್ರೆಗಳ 234 ಜನರನ್ನ ಸೇರಿಸಿ 2019ರಲ್ಲಿ ಲೆಕ್ಕ ಹಾಕಿದಾಗ ನೂರಕ್ಕೆ 58 ಜನಕ್ಕೆ ಕಾಡೋ ಫಿಟ್ಸ್ ನಿಂತಿತ್ತು. ತೆರೆದು ಮಾಡೋ ಆಪರೇಷನ್‌ನಲ್ಲಿ ಒಳ್ಳೇ ಕಡೆಗಳಲ್ಲಿ ಇದು 60ರಿಂದ 70. ಅಂದ್ರೆ ಫಿಟ್ಸ್ ನಿಲ್ಲಿಸೋದ್ರಲ್ಲಿ ಹಳೇದೇ ಒಂದು ಕೈ ಮೇಲೆ, ಇದನ್ನ ಮುಚ್ಚಿಟ್ಟು ಲೇಸರ್ ಹೊಗಳೋದು ತಪ್ಪು. ಲೇಸರ್ ಗೆಲ್ಲೋದು ಬೇರೆ ಕಡೆ. ಹಿಪೊಕ್ಯಾಂಪಸ್ ಮುಟ್ಟೋಕೆ ತೆರೆದ ಆಪರೇಷನ್‌ನಲ್ಲಿ ಎಷ್ಟೋ ಸಲ ಟೆಂಪೊರಲ್ ಲೋಬ್‌ನ ಮುಂಭಾಗನೂ ತೆಗೀತಾರೆ, ಲೇಸರ್ ಅದನ್ನ ಹಾಗೇ ಬಿಟ್ಟು ಒಳಗೆ ಹೋಗ್ತದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ್ದು ಏನಂದ್ರೆ, ಎಡಗಡೆ ಲೇಸರ್ ಆದವರಿಗೆ ವಸ್ತುಗಳ ಹೆಸರು ಹೇಳೋ ಶಕ್ತಿ, ಬಲಗಡೆ ಆದವರಿಗೆ ಪರಿಚಿತರ ಮುಖ ಗುರುತಿಸೋ ಶಕ್ತಿ ಉಳ್ಕೊಂಡಿತ್ತು. ತೆರೆದ ಆಪರೇಷನ್ ಆದವರಲ್ಲಿ ತುಂಬ ಜನಕ್ಕೆ ಅದು ಕಮ್ಮಿಯಾಗಿತ್ತು. ಇದನ್ನ ಓದಿದ ದಿನ ಚಿಕ್ಕಪ್ಪ ಕೇಳಿದ್ದು ನೆನಪಾಯ್ತು, ನಾಳೆ ನಿನ್ ಹೆಸರು ಮರ್ತೋದ್ರೆ ಅಂತ. ಅವರು ಹೆದರಿದ್ದು ದಡ್ಡತನ ಅಲ್ಲ, ನಿಜವಾದ ಪ್ರಶ್ನೆನೇ ಕೇಳಿದ್ರು. ಇನ್ನೊಂದು, ಲೇಸರ್‌ನಲ್ಲಿ ನಿಲ್ಲದೇ ಹೋದ್ರೆ ಮತ್ತೊಂದು ಸಲ ಲೇಸರ್ರೋ ತೆರೆದ ಆಪರೇಷನ್ನೋ ಮಾಡಕ್ಕೆ ದಾರಿ ಇರ್ತದೆ.

ತೊಂದರೆ ಇಲ್ವಾ? ಇದೆ. ಕೆಲವರಿಗೆ ನೋಟದ ಒಂದು ಮೂಲೆ ಮಸುಕಾಗ್ತದೆ, ಕೆಲವರಿಗೆ ಸ್ವಲ್ಪ ದಿನ ಒಂದು ಎರಡಾಗಿ ಕಾಣ್ತದೆ, ಬಾವು ಬಂದು ತಲೆನೋವು, ಅಪರೂಪಕ್ಕೆ ರಕ್ತಸ್ರಾವ. ನೆನಪಿಗೂ ಪೂರ್ತಿ ಗ್ಯಾರಂಟಿ ಇಲ್ಲ. ಮನಸ್ಸು ಕುಗ್ಗೋದೂ ಇದೆ, ಅದನ್ನ ಮನೆಯವರು ಗಮನಿಸ್ಬೇಕು. ಮಾತ್ರೆ ಮಾರನೇ ದಿನದಿಂದ ನಿಲ್ಲಿಸಂಗಿಲ್ಲ, ಫಿಟ್ಸ್ ಇಲ್ಲದೆ ವರ್ಷಗಟ್ಟಲೆ ಆದ ಮೇಲೆ ಡಾಕ್ಟರೇ ನಿಧಾನ ಇಳಿಸ್ತಾರೆ. ಮತ್ತೆ ಎಲ್ಲರಿಗೂ ಆಗಲ್ಲ. ಜಾಗ ಒಂದೇ ಇರ್ಬೇಕು, ಸಣ್ಣದಿರ್ಬೇಕು, ಆಳದಲ್ಲಿದ್ರೆ ಇದಕ್ಕೆ ಇನ್ನೂ ಸರಿ. ಮಿದುಳಿನ ಎರಡೂ ಕಡೆಯಿಂದ ಒಟ್ಟಿಗೇ ಬರೋ ಥರದ ಫಿಟ್ಸ್‌ಗೆ ಸುಡೋಕೆ ಜಾಗವೇ ಇರಲ್ಲ.

ಹಿಂದಿನ ಸಾಲಿಂದ ಒಬ್ಬರು ಅಣ್ಣ ಕೇಳಿದ್ರು, "ಅಕ್ಕಾ, ಇದು ಇಲ್ಲಿ ಎಲ್ಲಾ ಕಡೆ ಇದೆಯಾ, ಬಡವ್ರಿಗೆ ಆಗ್ತದಾ?" ಎಲ್ಲಾ ಕಡೆ ಇಲ್ಲ. ಆ ಲೇಸರ್ ಎಳೆ ಒಬ್ಬರಿಗೆ ಒಂದು, ತೊಳೆದು ಇನ್ನೊಬ್ಬರಿಗೆ ಬಳಸೋ ಹಾಗಿಲ್ಲ, ಎಂಆರ್‌ಐ ಗಂಟೆಗಟ್ಟಲೆ ಅದಕ್ಕೇ ಬೇಕು, ಹಾಗಾಗಿ ಖರ್ಚು ಜಾಸ್ತಿ. ಅದೇ ಬಿಸಿಯನ್ನ ಲೇಸರ್ ಬದಲು ರೇಡಿಯೋ ಫ್ರೀಕ್ವೆನ್ಸಿ ಸೂಜಿಯಿಂದ ಕೊಡೋ ವಿಧಾನನೂ ಇದೆ, ನಮ್ಮ ದೇಶದಲ್ಲಿ ಕೆಲವು ಕಡೆ ಮಾಡ್ತಾರೆ. ಆದ್ರೆ ಆ ಅಣ್ಣಂಗೆ ನಾನು ಹೇಳಿದ್ದು ಇಷ್ಟು: ಲೇಸರ್ ಊರಿಗೆ ಬರ್ಲಿ ಅಂತ ಕಾಯ್ಬೇಡಿ. ಮೊದಲು ಜಾಗ ಹುಡುಕಿಸಿ. ಜಾಗ ಸಿಕ್ಕಿದ್ರೆ ಲೇಸರ್ರಾ, ತೆರೆದು ಮಾಡೋದಾ, ಏನೂ ಬೇಡ್ವಾ ಅನ್ನೋದು ಆಮೇಲಿನ ಮಾತು, ಸರ್ಕಾರಿ ಸಂಸ್ಥೆಲಿ ತೆರೆದ ಆಪರೇಷನ್ ಆಗಿ ಈಗ ಆರಾಮಾಗಿ ತೋಟ ಮಾಡ್ಕೊಂಡಿರೋರು ಇದಾರೆ. ಶುರು ಮಾಡೋಕೆ ಬೆಂಗಳೂರೇ ಆಗ್ಬೇಕು ಅಂತಿಲ್ಲ, ಶಿವಮೊಗ್ಗ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಎರಡು ಮಾತ್ರೆ ಸೋತಿದೆ, ಮುಂದಕ್ಕೆ ಬರೆದುಕೊಡಿ ಅಂತ ಕೇಳಿ. ಹೋಗೋವಾಗ ಇಲ್ಲಿವರೆಗೆ ತಗೊಂಡ ಮಾತ್ರೆ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಯಾಕೆ ಬಿಟ್ರಿ ಅಂತ ಒಂದು ಹಾಳೇಲಿ ಬರ್ಕೊಂಡು ಹೋಗಿ, ಹಳೇ ಎಂಆರ್‌ಐ ಚೀಟಿ ಅಲ್ಲ, ಫಿಲ್ಮೋ ಸಿಡಿನೋ ತಗೊಂಡು ಹೋಗಿ.

ಒಬ್ಬರು ತಾಯಿ ಮಗಳ ಮದ್ವೆ ವಿಷಯ ಕೇಳಿದ್ರು, ಮೆಲ್ಲಗೆ, ಸೆರಗು ಬಾಯಿಗೆ ಹಿಡ್ಕೊಂಡು. ಫಿಟ್ಸ್ ಇದೆ ಅಂತ ಮದುವೆ ರದ್ದು ಮಾಡೋಕೆ ಇದ್ದ ಕಾನೂನನ್ನ 1999ರಲ್ಲೇ ತೆಗೆದುಹಾಕಿದಾರೆ ತಾಯಿ. ಮುಚ್ಚಿಟ್ಟು ಮಾಡ್ಬೇಡಿ, ಮುಚ್ಚಿಟ್ರೆ ಅವಳು ಗಂಡನ ಮನೇಲಿ ಮಾತ್ರೆನೂ ಮುಚ್ಚಿಟ್ಟೇ ತಗೋಬೇಕಾಗ್ತದೆ, ಆಮೇಲೆ ತಪ್ಪಿಹೋಗ್ತದೆ, ಆಗ ಬರ್ತದೆ. ಇದನ್ನ ನಾನು ಆ ಇಇಜಿ ರೂಮಲ್ಲಿ ಲೆಕ್ಕ ಇಲ್ಲದಷ್ಟು ಸಲ ಕಂಡಿದೀನಿ.

ಯಾರಿಗಾದ್ರೂ ಎದುರಿಗೇ ಬಂದ್ರೆ ಕಬ್ಬಿಣ ಕೈಗೆ ಕೊಡೋದು, ಬಾಯಿಗೆ ಚಮಚ ತುರುಕೋದು, ಈರುಳ್ಳಿ ಮೂಸಿಸೋದು ಯಾವುದೂ ಬೇಡ. ಪಕ್ಕಕ್ಕೆ ಮಲಗಿಸಿ, ಒಲೆ-ನೀರಿಂದ ದೂರ ಎಳೀರಿ, ಗಡಿಯಾರ ನೋಡಿ, 5 ನಿಮಿಷ ದಾಟಿದ್ರೆ ಆಸ್ಪತ್ರೆಗೆ. ಮರ ಹತ್ತಬಹುದಾ ಅಂತ ಕೇಳಿದ್ರಲ್ಲ, ಫಿಟ್ಸ್ ನಿಂತು ಡಾಕ್ಟರ್ ಹೂಂ ಅನ್ನೋ ತನಕ ಅಡಿಕೆ ಕೊನೆ ತೆಗೆಯೋಕೆ ಹತ್ತಬಾರದು, ಒಬ್ಬರೇ ಹೊಳೆಗೆ ಇಳೀಬಾರದು.

ಮಾತು ಮುಗಿದ ಮೇಲೆ ಎಲ್ಲ ಕಾಫಿ ಕುಡೀತಾ ಇದ್ವಿ. ಚಿಕ್ಕಪ್ಪ ಹತ್ರ ಬಂದ್ರು, ಸುಟ್ಟ ಕೈಯಲ್ಲೇ ಲೋಟ ಹಿಡ್ಕೊಂಡಿದ್ರು.

"ದಬ್ಬಣದಷ್ಟೇ ಅಂದ್ಯಲ್ಲ, ನಿಜನಾ?"

"ನಿಜ ಚಿಕ್ಕಪ್ಪ."

"ನಂದು ಪಿಕ್ಚರ್ ತೆಗ್ಸಿ 15 ವರ್ಷದ ಮೇಲಾಯ್ತು. ಹೊಸದು ತೆಗೀಬೇಕಾ?"

"ಎಲ್ಲಾ ಹೊಸದಾಗೇ ನೋಡ್ತಾರೆ. ಲೇಸರ್ ಆಗ್ತದೆ ಅಂತ ನಾನು ಈಗ್ಲೇ ಹೇಳಲ್ಲ, ನೋಡಿಸೋಣ."

"ಸುಗ್ಗಿ ಮುಗೀಲಿ ಹಂಗಾದ್ರೆ," ಅಂದ್ರು.

ಪಕ್ಕದಲ್ಲಿದ್ದ ಚಿಕ್ಕಮ್ಮ, "ಸುಗ್ಗಿ ಮುಗೀಲಿ ಅಂತ ಎಷ್ಟು ವರ್ಷದಿಂದ ಹೇಳ್ತಾ ಇದೀರಿ? ಕೊಯ್ಲು ನಾನು ನೋಡ್ಕೊಳ್ತೀನಿ, ನೀವು ಹೋಗಿ," ಅಂದ್ರು. ನನ್ನ ಕಡೆ ತಿರುಗಿ ಬೆಂಗಳೂರಿಗೆ ತಾಳಗುಪ್ಪ ಟ್ರೈನಲ್ಲಿ ಎರಡು ಟಿಕೆಟ್ ಮಾಡು ಅಂದ್ರು. ಅಲ್ಲೇ ನಿಂತು ಮಾಡಿದೆ. ಹೊರಡೋವಾಗ ವಾಪಸ್ ಬಂದು ಕೇಳಿದ್ರು, "ಹಿಂದಿನ ದಿನ ತಲೆಗೆ ಎಣ್ಣೆ ಹಾಕ್ಬಾರ್ದು ಅಲ್ವಾ?"

"ಹಾಕ್ಬೇಡಿ ಚಿಕ್ಕಮ್ಮ. ಶಾಂಪೂ ಹಾಕಿ ತೊಳೆದು ಕಳ್ಸಿ."